ಹಳೆಯ ಹೊತ್ತಗೆಗಳ ಹಿಂದಿನ ಒಡೆಯರು

ಕಳೆದ ವರ್ಷದ ಆಷಾಢದಲ್ಲಿ, ಮಳೆ ಹಿಡಿದು ಸುರಿಯುತ್ತಿದ್ದ ಒಂದು ಅಪರಾಹ್ನ, ಮಧ್ಯವಯಸ್ಸಿನ ಮಹಿಳೆಯೊಬ್ಬರು ನಮ್ಮ ಶಾಲೆಯ ಜಗಲಿಗೆ ಬಂದು ನಿಂತರು. ಅವರ ಮುತ್ತಜ್ಜ ಈ ಊರಿನ ಶಾನುಭೋಗರಾಗಿದ್ದವರು. ಅವರು ಕಾಲವಾದ ಬಳಿಕ ಅವರ ಪುಸ್ತಕಗಳನ್ನೆಲ್ಲ ಮುತ್ತಜ್ಜಿಯು ಎತ್ತಿನ ಗಾಡಿಯಲ್ಲಿ ಹೇರಿಸಿ ಶಾಲೆಗೆ ಕಳುಹಿಸಿದರೆಂದು ಮನೆಯಲ್ಲಿ ಹೇಳಿಕೊಂಡು ಬಂದ ಮಾತು. ಮುತ್ತಜ್ಜನ ಕೈಬರಹವನ್ನು ಒಮ್ಮೆ ನೋಡಬೇಕು, ಮನೆಯಲ್ಲಿ ಒಂದು ಚೀಟಿಯೂ ಉಳಿದಿಲ್ಲ ಎಂದರು. ನಾವು ಕಪಾಟನ್ನು ತೆರೆದೆವು. ಪುಸ್ತಕಗಳು ಇದ್ದವು, ಕೈಬರಹ ಇರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿಸಿದವರು ನಾವೇ. ಮಾಸಿದ, ಹುಳು ಹಿಡಿದ ಮೊದಲ ಹಾಳೆಗಳನ್ನು ತೆಗೆದುಬಿಡು ಎಂದು ರಟ್ಟು ಕಟ್ಟುವವನಿಗೆ ಅಪ್ಪಣೆ ಕೊಟ್ಟವರೂ ನಾವೇ. ಆ ಹಾಳೆಗಳ ಮೇಲೆ ಯಾರದೋ ಹೆಸರು, ಏನೋ ತಾರೀಖು ಇದ್ದುದು ಮಸುಕಾಗಿ ನೆನಪಿದೆ. ಪಾಠಕ್ಕೆ ಬೇಕಾದ ಅಕ್ಷರಗಳು ಅವಲ್ಲವೆಂದು ಅಂದು ನಮಗೆ ತೋರಿತ್ತು.

ಆ ಮಹಿಳೆ ಏನನ್ನೂ ಅನ್ನಲಿಲ್ಲ. ಕೊಡೆ ಬಿಡಿಸಿಕೊಂಡು ಹೊರಟುಹೋದರು. ಆ ಸಂಜೆಯಿಂದ ಮೊದಲ್ಗೊಂಡು, ಹಳೆಯ ಪುಸ್ತಕಗಳ ಹಿಂದಿನ ಒಡೆಯರನ್ನು ಬಲ್ಲವರು ಹೇಗೆ ಪತ್ತೆಹಚ್ಚುತ್ತಾರೆಂಬುದನ್ನು ಸಿಕ್ಕಿದಲ್ಲೆಲ್ಲ ಓದತೊಡಗಿದೆವು. ಈ ವಿದ್ಯೆಯು ಬಹುವಾಗಿ ಬೆಳೆದುದು ಇಂಗ್ಲೆಂಡಿನ ಕೆಥೆಡ್ರಲ್‌ಗಳ ಗ್ರಂಥಾಲಯಗಳ ಸುತ್ತ. ಆದುದರಿಂದ ವಾಚಕರನ್ನು ಅಲ್ಲಿಗೆ ಕರೆದೊಯ್ಯುತ್ತೇವೆ.

ಬಿಷಪ್ಪರ ಪೀಠವಿರುವ ಪ್ರಧಾನ ಇಗರ್ಜಿಗೆ ಕೆಥೆಡ್ರಲ್ ಎಂದು ಹೆಸರು. ಮುದ್ರಣ ಯಂತ್ರ ಬರುವುದಕ್ಕೆ ನೂರಾರು ವರ್ಷ ಮೊದಲೇ ಇಂತಹ ಇಗರ್ಜಿಗಳಲ್ಲಿ ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಗ್ರಂಥಗಳು ಸೇರತೊಡಗಿದವು. ಬಿಷಪ್ಪರು ಕೊಟ್ಟರು, ಸನ್ಯಾಸಿಗಳು ಬರೆದರು, ಶ್ರೀಮಂತರು ಪುಣ್ಯಾರ್ಥವಾಗಿ ಒಪ್ಪಿಸಿದರು. ಬಳಿಕ 8ನೆಯ ಹೆನ್ರಿಯು 1536ರಿಂದ 1540ರವರೆಗೆ ಮಠಗಳನ್ನು ಮುಚ್ಚಿಸಿದಾಗಲೂ, 1640ರ ದಶಕದ ಅಂತರ್ಯುದ್ಧದಲ್ಲಿಯೂ ಈ ಗ್ರಂಥಗಳು ದಿಕ್ಕುದಿಕ್ಕಿಗೆ ಚದರಿದವು. ಈಗ ಒಂದು ಗ್ರಂಥವು ಯಾವ ಕಪಾಟಿನಲ್ಲಿದೆಯೆಂಬುದರಿಂದ ಅದು ಎಲ್ಲಿಯದೆಂದು ಹೇಳಲಾಗದು. ಅದರ ಮೈಮೇಲಿನ ಗುರುತುಗಳೇ ಸಾಕ್ಷಿ.

ಇಂಗ್ಲೆಂಡಿನ ನಡುಭಾಗದಲ್ಲಿರುವ ಲಿಚ್‌ಫೀಲ್ಡ್ ಎಂಬ ಊರಿನ ಕೆಥೆಡ್ರಲ್ಲಿನಲ್ಲಿ ಸುಮಾರು 8ನೆಯ ಶತಮಾನದ ಒಂದು ಸುವಾರ್ತಾಗ್ರಂಥವಿದೆ. ಸಂತ ಚಾಡನ ಹೆಸರಿನಿಂದ ಅದನ್ನು ಕರೆಯುತ್ತಾರೆ. 236 ಪುಟಗಳು ಉಳಿದಿವೆ. ಲೂಕನ ಸುವಾರ್ತೆಯ 3ನೆಯ ಅಧ್ಯಾಯದ ನಡುವೆ ಗ್ರಂಥ ತುಂಡಾಗಿ ನಿಲ್ಲುತ್ತದೆ. ಅದರ ಒಂದು ಪುಟದ ಖಾಲಿ ಜಾಗದಲ್ಲಿ ಮೂಲ ಬರಹಕ್ಕೆ ಸಂಬಂಧವಿಲ್ಲದ ಒಂದು ಒಕ್ಕಣೆಯಿದೆ. ಅರಿಖ್ತಿಯುದನ ಮಗನಾದ ಗೆಲ್ಹಿ ಎಂಬವನು ಈ ಗ್ರಂಥವನ್ನು ಕಿಂಗಾಲ್ ಎಂಬವನಿಂದ ಕೊಂಡನಂತೆ. ಕ್ರಯವಾಗಿ ಕೊಟ್ಟದ್ದು ತನ್ನ ಅತ್ಯುತ್ತಮವಾದ ಕುದುರೆಯನ್ನು. ಕೊಂಡ ಬಳಿಕ ತನ್ನ ಆತ್ಮದ ಶ್ರೇಯಸ್ಸಿಗಾಗಿ ಅದನ್ನು ದೇವರಿಗೂ ಸಂತ ತೇಲೊನಿಗೂ ಬಲಿಪೀಠದ ಮೇಲೆ ಅರ್ಪಿಸಿದನು. ತೇಲೊ ಎಂಬ ಸಂತನು ವೇಲ್ಸ್ ನಾಡಿನವನು. ಅಂದರೆ ಇಂದು ಲಿಚ್‌ಫೀಲ್ಡಿನ ಹೆಮ್ಮೆಯಾಗಿರುವ ಈ ಗ್ರಂಥ ಒಂದು ಕಾಲದಲ್ಲಿ ಗಡಿಯಾಚೆಯ ವೇಲ್ಸಿನಲ್ಲಿತ್ತು. ಅದೇ ಪುಟದಲ್ಲಿ ಭೂಮಿಯ ತಕರಾರೊಂದರ ಟಿಪ್ಪಣಿಯೂ ಇದ್ದು, ವೆಲ್ಶ್ ಭಾಷೆಯು ಬರಹದಲ್ಲಿ ಕಾಣಿಸಿಕೊಂಡ ಅತ್ಯಂತ ಹಳೆಯ ಮಾದರಿಗಳಲ್ಲಿ ಅದೂ ಒಂದೆನಿಸಿದೆ. ದಾನಪತ್ರ, ಜಮೀನಿನ ಕಾಗದ, ಒಂದು ಭಾಷೆಯ ಬಾಲ್ಯ, ಇವೆಲ್ಲ ಪವಿತ್ರಗ್ರಂಥದ ಅಂಚಿನಲ್ಲಿ! ಗಡಿನಾಡಿನಲ್ಲಿ ಬಾಳುವ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರದು. ಭಾಷೆ ಉಳಿಯುವುದು ಎಷ್ಟೋ ಸಲ ಇಂತಹ ಅಂಚುಗಳಲ್ಲಿಯೇ.

ಈ ಗ್ರಂಥದ ಮೊದಲ ಪುಟದಲ್ಲಿ ಲಿಚ್‌ಫೀಲ್ಡಿನ ಬಿಷಪ್ಪನಾಗಿದ್ದ ವಿನ್‌ಸಿಜ್ ಎಂಬವನ ಹೆಸರಿದೆ. ಅವನು 10ನೆಯ ಶತಮಾನದ ಉತ್ತರಾರ್ಧದವನು. ಆ ಒಂದು ಹೆಸರಿನ ಬಲದಿಂದ, ಆ ಹೊತ್ತಿಗೆ ಗ್ರಂಥವು ವೇಲ್ಸನ್ನು ಬಿಟ್ಟು ಲಿಚ್‌ಫೀಲ್ಡನ್ನು ಸೇರಿತ್ತೆಂದು ಹೇಳಬಲ್ಲೆವು. ಯುದ್ಧವೋ, ಕೊಡುಗೆಯೋ, ಕಳವೋ, ದಾರಿಯ ಕಥೆಯನ್ನು ಯಾರೂ ಬರೆದಿಡಲಿಲ್ಲ. ಕುದುರೆ ಕೊಟ್ಟವನು ಬರೆಸಿದನು; ಒಯ್ದವನು ಬರೆಸಲಿಲ್ಲ.

ಅಂತರ್ಯುದ್ಧದಲ್ಲಿ ಲಿಚ್‌ಫೀಲ್ಡ್ ಕೆಥೆಡ್ರಲ್ ಮೂರು ಸಲ ಮುತ್ತಿಗೆಗೆ ಗುರಿಯಾಯಿತು. 1646ರಲ್ಲಿ ನಡುಗೋಪುರವೇ ಕುಸಿಯಿತು, ಗ್ರಂಥಾಲಯ ಸೂರೆಹೋಯಿತು. ಇಗರ್ಜಿಯ ಗಾಯನದ ಮುಖ್ಯಸ್ಥನಾಗಿದ್ದ ವಿಲಿಯಂ ಹಿಗಿನ್ಸ್ ಎಂಬವನು ಸಂತ ಚಾಡನ ಗ್ರಂಥವನ್ನು ಉಳಿಸಿದನೆಂದು ಪ್ರತೀತಿ. ಅದು ಸಾಮರ್‌ಸೆಟ್ಟಿನ ಡ್ಯೂಕನ ಪತ್ನಿ ಫ್ರಾನ್ಸಿಸ್‌ಳ ವಶಕ್ಕೆ ಬಂದು, ಶಾಂತಿ ನೆಲೆಸಿದ ಮೇಲೆ 1670ರ ದಶಕದ ಆರಂಭದಲ್ಲಿ ಅವಳಿಂದ ಇಗರ್ಜಿಗೆ ಮರಳಿತು. ಬರಿಯ ಅದನ್ನಷ್ಟೇ ಅವಳು ಕೊಡಲಿಲ್ಲ. 1660ರಲ್ಲಿ ತೀರಿಕೊಂಡ ತನ್ನ ಪತಿ ವಿಲಿಯಂ ಸೀಮೋರನ ಸ್ವಂತ ಗ್ರಂಥಸಂಗ್ರಹವನ್ನು, ಸುಮಾರು 1000 ಸಂಪುಟಗಳನ್ನು, ಕಪಾಟು ಬರಿದಾಗಿದ್ದ ಆ ಇಗರ್ಜಿಗೆ ಒಪ್ಪಿಸಿದಳು. ಇಂದಿನ ಲಿಚ್‌ಫೀಲ್ಡ್ ಗ್ರಂಥಾಲಯಕ್ಕೆ ಬುನಾದಿಯಾದುದು ಆ ದಾನವೇ. ಈ ಸೀಮೋರನು ಯೌವನದಲ್ಲಿ ರಾಜವಂಶದ ಅರಾಬೆಲ್ಲಾ ಸ್ಟೂವರ್ಟಳನ್ನು ದೊರೆಗೆ ತಿಳಿಸದೆ ಮದುವೆಯಾಗಿ ಸೆರೆಮನೆ ಕಂಡವನು. ಅವಳು 1615ರಲ್ಲಿ ಸೆರೆಯಲ್ಲಿಯೇ ತೀರಿದ ಮೇಲೆ ಫ್ರಾನ್ಸಿಸ್‌ಳ ಕೈಹಿಡಿದನು. ಫ್ರಾನ್ಸಿಸ್‌ಳ ತಂದೆಯೋ ರಾಣಿ ಎಲಿಜಬೆತಳ ಆಜ್ಞೆಯಿಂದ 1601ರಲ್ಲಿ ತಲೆ ಕಳೆದುಕೊಂಡ ಎಸೆಕ್ಸಿನ ಅರ್ಲ್. ಇಷ್ಟೆಲ್ಲ ಕಂಡುಂಡ ಮನೆತನದ ವಿಧವೆ ಪುಸ್ತಕಗಳನ್ನು ಮಾರದೆ ಕೊಟ್ಟಳು.

ಇದಕ್ಕೆ ಹೋಲುವ ಇನ್ನೊಂದು ದಾನ ಉತ್ತರದ ಯಾರ್ಕ್ ನಗರದಲ್ಲಿ ನಡೆದಿತ್ತು. ಅಲ್ಲಿನ ಆರ್ಚ್‌ಬಿಷಪ್ ಟೋಬಿ ಮ್ಯಾಥ್ಯೂ 1628ರಲ್ಲಿ ತೀರಿಕೊಂಡಾಗ ಅವನಲ್ಲಿ 3000ಕ್ಕೂ ಮಿಕ್ಕಿದ ಪುಸ್ತಕಗಳಿದ್ದವು. ಅವನ ಪತ್ನಿ, ಅವಳ ಹೆಸರೂ ಫ್ರಾನ್ಸಿಸ್, ಅಷ್ಟನ್ನೂ ಕೆಥೆಡ್ರಲ್ಲಿಗೆ ಕೊಟ್ಟುಬಿಟ್ಟಳು. ಈಕೆಯ ಬಂಧುವರ್ಗವನ್ನು ಕೇಳಿದರೆ ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಮೆಚ್ಚಿಕೆಯಾದೀತು. ತಂದೆ ಬಿಷಪ್ಪ, ಮೊದಲ ಪತಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರನ ಮಗ, ಎರಡನೆಯ ಪತಿ ಯಾರ್ಕಿನ ಆರ್ಚ್‌ಬಿಷಪ್, ನಾಲ್ವರು ಸೋದರಿಯರ ಗಂಡಂದಿರೂ ಬಿಷಪ್ಪರು! ಟೋಬಿ ಮ್ಯಾಥ್ಯೂ ತನ್ನ ಪುಸ್ತಕಗಳ ಮುಖಪುಟದಲ್ಲಿ ಹೆಸರನ್ನೂ, ಸಂತ ಪೌಲನ ಪತ್ರದಿಂದ ಆಯ್ದ ಒಂದು ಲ್ಯಾಟಿನ್ ಧ್ಯೇಯವಾಕ್ಯವನ್ನೂ ಬರೆಯುವ ರೂಢಿಯಿಟ್ಟುಕೊಂಡಿದ್ದನು. ಆದುದರಿಂದ ಅವನ ಪುಸ್ತಕಗಳನ್ನು ಗುರುತಿಸುವುದು ಕಷ್ಟವಲ್ಲ.

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಪುಸ್ತಕದೊಳಗೆ ಇರುವುದು ಒಡೆಯನ ಹೆಸರು. ದಾನ ಮಾಡಿದವಳ ಹೆಸರಲ್ಲ. ಕೇವಲ ಪುಸ್ತಕವನ್ನು ನೋಡಿ ಪಟ್ಟಿಮಾಡುವವನು ಟೋಬಿ ಮ್ಯಾಥ್ಯೂ ಎಂದು ಬರೆದು ಮುಂದೆ ಹೋದಾನು. ಮುದುಕಿಯೊಬ್ಬಳು ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಹುದಿತ್ತು, ಮಾರಬಹುದಿತ್ತು, ಆದರೂ ಕೊಟ್ಟಳು ಎಂಬುದು ತಿಳಿಯಬೇಕಾದರೆ ಇಗರ್ಜಿಯ ದಫ್ತರಗಳನ್ನೂ ಸಮಾಧಿಯ ಮೇಲಿನ ಬರಹವನ್ನೂ ಓದಬೇಕು. ಹಿಂದಿನ ಒಡೆಯನನ್ನು ಹುಡುಕುವುದು ಒಂದು ಕೆಲಸ, ದಾನಿಯನ್ನು ಹುಡುಕುವುದು ಬೇರೆಯೇ ಕೆಲಸ. ಈ ಭೇದ ನಮಗೆ ಈ ಓದಿನಿಂದ ತಿಳಿಯಿತೇ ಹೊರತು, ಮೂವತ್ತು ವರ್ಷ ಶಾಲೆಯ ಕಪಾಟಿನ ಬೀಗದ ಕೈ ಹಿಡಿದಿದ್ದರಿಂದ ತಿಳಿಯಲಿಲ್ಲ.

ಕೆಲವು ದಾನಿಗಳು ಮಾತ್ರ ಮರೆವಿಗೆ ಎಡೆಗೊಡಲಿಲ್ಲ. ನೈಋತ್ಯದ ಎಕ್ಸೆಟರಿನ ಮೊದಲ ಬಿಷಪ್ ಲಿಯೋಫ್ರಿಕ್, 1072ರಲ್ಲಿ ತೀರಿದವನು, 66 ಗ್ರಂಥಗಳನ್ನು ಇಗರ್ಜಿಗೆ ಕೊಟ್ಟನು. ತನ್ನ ಗ್ರಂಥಗಳಲ್ಲಿ ಲ್ಯಾಟಿನ್ನಿನಲ್ಲಿಯೂ ಅಂದಿನ ಇಂಗ್ಲಿಷಿನಲ್ಲಿಯೂ ದಾನದ ಮಾತನ್ನು ಬರೆಯಿಸಿ, ಇದನ್ನು ಇಲ್ಲಿಂದ ಒಯ್ದವನಿಗೆ ಶಾಪ ತಟ್ಟಲಿ ಎಂದು ಸೇರಿಸಿದನು. ನಮ್ಮ ಶಿಲಾಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಪಹರಿಸಿದವನಿಗೆ ಹಾಕುವ ಶಾಪವನ್ನು ಬಲ್ಲವರಿಗೆ ಇದು ಹೊಸದಲ್ಲ. ಶಾಪದ ಫಲವೂ ಅಲ್ಲಿಯಂತೆಯೇ ಇಲ್ಲಿಯೂ ಅಷ್ಟಕ್ಕಷ್ಟೆ! 1602ರಲ್ಲಿ ಎಕ್ಸೆಟರಿನ ಇಗರ್ಜಿಯ ಅಧಿಕಾರಿಗಳೇ 81 ಹಸ್ತಪ್ರತಿಗಳನ್ನು ಆಕ್ಸ್‌ಫರ್ಡಿನಲ್ಲಿ ಥಾಮಸ್ ಬಾಡ್ಲಿ ಕಟ್ಟುತ್ತಿದ್ದ ಗ್ರಂಥಾಲಯಕ್ಕೆ ಕಳುಹಿಸಿದರು. ಬಾಡ್ಲಿ ಎಕ್ಸೆಟರಿನ ಮಗ. ಅವನ ಸೋದರನೊಬ್ಬನು ಅದೇ ಇಗರ್ಜಿಯ ಅಧಿಕಾರಿಗಳಲ್ಲಿ ಒಬ್ಬನಾಗಿದ್ದನು. ಅಣ್ಣತಮ್ಮಂದಿರ ನಡುವೆ ಶಾಪದ ಮಾತು ಯಾರಿಗೂ ನೆನಪಾದಂತಿಲ್ಲ.

ಲಿಯೋಫ್ರಿಕನ ದಾನಪಟ್ಟಿಯಲ್ಲಿ ಪದ್ಯದಲ್ಲಿ ರಚಿಸಿದ ದೊಡ್ಡದೊಂದು ಇಂಗ್ಲಿಷ್ ಪುಸ್ತಕದ ಉಲ್ಲೇಖವಿದೆ. ಅದೇ ಇಂದಿಗೂ ಎಕ್ಸೆಟರಿನಲ್ಲಿ ಉಳಿದಿರುವ, ಹಳೆಯ ಇಂಗ್ಲಿಷ್ ಕಾವ್ಯದ ಅತಿದೊಡ್ಡ ಸಂಕಲನವೆಂದು ವಿದ್ವಾಂಸರು ನಿಶ್ಚಯಿಸಿದ್ದಾರೆ. ಈ ಮಹಾಗ್ರಂಥದ ಮೈಮೇಲೆ ಚೂರಿಯಿಂದ ಕೊಯ್ದ ಗೆರೆಗಳಿವೆ, ಪಾತ್ರೆಯ ತಳದ ಉಂಗುರದ ಕಲೆಯಿದೆ, ಕೊನೆಯ ಹಾಳೆಗಳನ್ನು ಕೊಳ್ಳಿ ಸುಟ್ಟಿದೆ. ಓದಲು ಬಾರದ ಹಳೆಯ ಭಾಷೆಯ ಪುಸ್ತಕವನ್ನು ಯಾರೋ ಮಣೆಯಂತೆ ಬಳಸಿದ್ದರು. ಇನ್ನೂ ಸ್ವಾರಸ್ಯವೆಂದರೆ, ಇಂದು ಆ ಗ್ರಂಥದ ಮುಂದೆ ಸೇರಿಸಿ ಕಟ್ಟಿರುವ ದಾನಪಟ್ಟಿಯ ಹಾಳೆಗಳು ಮೂಲತಃ ಅದರವಲ್ಲ. ಅವು ಒಂದು ಸುವಾರ್ತಾಗ್ರಂಥದಿಂದ ಬೇರ್ಪಟ್ಟು ಬಂದವು. ಆ ಸುವಾರ್ತಾಗ್ರಂಥವು 1566ರಲ್ಲಿ ಆರ್ಚ್‌ಬಿಷಪ್ ಪಾರ್ಕರನಿಗೆ, ಅಂದರೆ ಯಾರ್ಕಿನ ಫ್ರಾನ್ಸಿಸ್‌ಳ ಮೊದಲ ಮಾವನಿಗೆ, ಕೊಡುಗೆಯಾಗಿ ಹೋಗಿ ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದೆ. ಪುಸ್ತಕ ಒಂದೂರಿಗೆ, ಪಟ್ಟಿ ಒಂದೂರಿಗೆ.

ಹೆಸರಾಗಲಿ ಶಾಪವಾಗಲಿ ಇಲ್ಲದ ಪುಸ್ತಕಗಳನ್ನು ಏನು ಮಾಡುವುದು? ಇದಕ್ಕೆ ಮಧ್ಯಯುಗದ ಗ್ರಂಥಪಾಲಕರೇ ಒಂದು ಜಾಣ ಉಪಾಯವನ್ನು ಇಟ್ಟು ಹೋಗಿದ್ದಾರೆ. ಡರ್ಹಮ್ಮಿನ ಸನ್ಯಾಸಿಗಳು 1392ರಲ್ಲಿ ಮಾಡಿದ ಪಟ್ಟಿಯಲ್ಲಿ ಪ್ರತಿ ಗ್ರಂಥದ ಹೆಸರಿನ ಮುಂದೆ ಅದರ ಎರಡನೆಯ ಹಾಳೆಯ ಮೊದಲ ಪದಗಳನ್ನು ಬರೆದಿಟ್ಟರು. ಮೊದಲ ಹಾಳೆಯ ಮೊದಲ ಪದ ಎಲ್ಲ ಪ್ರತಿಗಳಲ್ಲಿಯೂ ಒಂದೇ. ಆದರೆ ಕೈಬರಹದ ಎರಡು ಪ್ರತಿಗಳಲ್ಲಿ ಎರಡನೆಯ ಹಾಳೆ ಒಂದೇ ಪದದಿಂದ ಆರಂಭವಾಗುವುದು ತೀರ ಅಪರೂಪ. ನಮ್ಮಲ್ಲಿ ಎರಡು ಮನೆಗಳಲ್ಲಿ ಜೈಮಿನಿ ಭಾರತದ ಎರಡು ಓಲೆಪ್ರತಿಗಳಿದ್ದರೆ, ಒಬ್ಬನ ಅಕ್ಷರ ದಪ್ಪ, ಇನ್ನೊಬ್ಬನದು ಸಣ್ಣ. ಎರಡನೆಯ ಗರಿ ಎರಡು ಬೇರೆ ಪದಗಳಿಂದಲೇ ಆರಂಭವಾದೀತು. ಅದೇ ತತ್ತ್ವ. ಮೊದಲ ಹಾಳೆ ಹರಿದುಹೋದ ಗ್ರಂಥವೊಂದು ಇಂದು ದೂರದ ಯಾವುದೋ ಕಪಾಟಿನಲ್ಲಿ ದೊರೆತರೂ, ಎರಡನೆಯ ಹಾಳೆಯ ಪದವನ್ನು ಹಳೆಯ ಪಟ್ಟಿಯೊಡನೆ ತಾಳೆ ನೋಡಿದರೆ ಅದರ ತವರು ತಿಳಿಯುತ್ತದೆ.

ಇದಲ್ಲದೆ ಕಪಾಟಿನ ಸಂಖ್ಯೆಗಳು, ರಟ್ಟಿನ ಮೇಲೆ ಒತ್ತಿದ ಮನೆತನದ ಲಾಂಛನ, ಒಳಗೆ ಅಂಟಿಸಿದ ಒಡೆತನದ ಚೀಟಿ, ಸರಪಳಿಯ ಗುರುತು, ಇವೆಲ್ಲ ಸಾಕ್ಷಿಗಳೇ. ಸರಪಳಿಯೆಂದರೆ ಅಲಂಕಾರಕ್ಕಲ್ಲ. ಹೆರೆಫರ್ಡ್ ಕೆಥೆಡ್ರಲ್ಲಿನಲ್ಲಿ ಇಂದಿಗೂ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿದ್ದಾರೆ. ಕೊಂಡಿಯನ್ನು ರಟ್ಟಿನ ಮುಂದಂಚಿಗೆ ಜಡಿದಿರುವುದರಿಂದ ಬೆನ್ನು ಒಳಗೂ ಹಾಳೆಗಳ ಅಂಚು ಹೊರಗೂ ಇರುವಂತೆ ಜೋಡಿಸಬೇಕಾಗುತ್ತದೆ. ಬೇರೆಡೆಗೆ ಹೋದ ಪುಸ್ತಕದಲ್ಲಿ ಕೊಂಡಿ ಕಿತ್ತ ತೂತು, ತುಕ್ಕಿನ ಕಲೆ ಕಂಡರೆ ಅದು ಒಮ್ಮೆ ಸರಪಳಿಯಲ್ಲಿದ್ದುದೆಂದು ಊಹಿಸಬಹುದು. ಹಿಂದಿನ ಹೆಸರನ್ನು ಉಜ್ಜಿ ಅಳಿಸಿದ್ದರೆ ನೇರಳಾತೀತ ಬೆಳಕನ್ನು ಹಾಯಿಸುತ್ತಾರೆ. ಹಳೆಯ ಶಾಯಿಯಲ್ಲಿ ಕಬ್ಬಿಣದ ಅಂಶವಿರುವುದರಿಂದ ಕಣ್ಣಿಗೆ ಕಾಣದ ಅಕ್ಷರ ಮೇಲೆದ್ದು ತೋರುತ್ತದೆ.

ಪ್ರತಿಯೊಂದು ಹೆಸರನ್ನೂ ನಂಬುವಂತಿಲ್ಲ ಎಂಬುದನ್ನು ಶಿಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಶಾಲೆಯ ಒಂದು ಕಥಾಸಂಗ್ರಹದ ಮೇಲೆ ಇಪ್ಪತ್ತೇಳು ಹುಡುಗರ ಹೆಸರುಗಳಿವೆ. ಅವರಲ್ಲಿ ಒಬ್ಬನೂ ಒಡೆಯನಲ್ಲ. ಆಕ್ಸ್‌ಫರ್ಡಿನ ನೀಲ್ ಕೆರ್ ಎಂಬ ವಿದ್ವಾಂಸರು ಮಧ್ಯಯುಗದ ಬ್ರಿಟನ್ನಿನ ಗ್ರಂಥಾಲಯಗಳಿಂದ ಉಳಿದುಬಂದ ಪುಸ್ತಕಗಳ ಪಟ್ಟಿಯನ್ನು 1941ರಲ್ಲಿ ಪ್ರಕಟಿಸಿ, 1964ರಲ್ಲಿ ಹಿಗ್ಗಿಸಿದರು. ಅದರಲ್ಲಿ ಪುಸ್ತಕದ ಜೊತೆಗೆ ಸಣ್ಣದೊಂದು ಅಕ್ಷರವನ್ನಿಟ್ಟು, ಇದು ಆ ಮಠದ್ದೆನ್ನಲು ಆಧಾರವೇನು, ಒಡೆತನದ ಬರಹವೋ, ಕಪಾಟಿನ ಸಂಖ್ಯೆಯೋ, ಒಳಗಿನ ವಿಷಯವೋ ಎಂಬುದನ್ನು ಸೂಚಿಸಿದರು. ಸಂಶಯವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹೇಳಿದ್ದಕ್ಕಿಂತ ಯಾಕೆ ಹೇಳುತ್ತೇನೆಂಬುದನ್ನು ತೋರಿಸುವ ಈ ಪದ್ಧತಿ ನಮಗೆ ಬಹಳ ಹಿಡಿಸಿತು.

ಈ ಸಾಕ್ಷಿಗಳಿಗೆಲ್ಲ ದೊಡ್ಡ ಶತ್ರು ಗೆದ್ದಲೂ ಅಲ್ಲ, ಬೆಂಕಿಯೂ ಅಲ್ಲ. ಸದುದ್ದೇಶದಿಂದ ಕಟ್ಟಿದ ಹೊಸ ರಟ್ಟು. ಅಚ್ಚುಕಟ್ಟು ಕಾಣಲೆಂದು ಅಂಚು ಕತ್ತರಿಸುವಾಗ ಟಿಪ್ಪಣಿಗಳು ತುಂಡಾಗುತ್ತವೆ, ಹಳೆಯ ಹಲಗೆಯೊಡನೆ ಚೀಟಿಗಳು ಕಸಕ್ಕೆ ಹೋಗುತ್ತವೆ. ಸಂತ ಚಾಡನ ಗ್ರಂಥಕ್ಕೂ ಈ ಪಾಡು ತಪ್ಪಲಿಲ್ಲ. 1862ರಲ್ಲಿ ರಟ್ಟು ಕಟ್ಟುವಾಗ ಅದನ್ನು ಬಿಡಿಹಾಳೆಗಳಾಗಿ ಕತ್ತರಿಸಿದರು. 1962ರಲ್ಲಿ ರೋಜರ್ ಪೊವೆಲ್ ಎಂಬ ನಿಪುಣರು ಅದನ್ನು ಬಿಚ್ಚಿ ಹೊಸದಾಗಿ ಹೊಂದಿಸಬೇಕಾಯಿತು. ಹಾಗಿದ್ದೂ 2010ರಲ್ಲಿ ಅಮೆರಿಕೆಯ ಕೆಂಟಕಿ ವಿಶ್ವವಿದ್ಯಾಲಯದ ತಂಡವು ಬಗೆಬಗೆಯ ಬೆಳಕಿನಲ್ಲಿ ಪುಟಗಳ ಚಿತ್ರ ತೆಗೆದಾಗ, ಶಾಯಿಯಿಲ್ಲದೆ ಬರಿಯ ಮೊನೆಯಿಂದ ಗೀರಿದ ಕೆಲವು ಹೆಸರುಗಳನ್ನು ಓದಲು ಸಾಧ್ಯವಾಯಿತು. ಅವುಗಳಲ್ಲಿ ಸ್ತ್ರೀಯರ ಹೆಸರುಗಳೂ ಇವೆ. ಅದನ್ನು ಓದಿದ ದಿನ ನಾವು ಮರಳಿ ಕಪಾಟಿನ ಮುಂದೆ ಕುಳಿತೆವು.

ಮೊದಲು ಹಳೆಯ ದಾಸ್ತಾನು ಪುಸ್ತಕವನ್ನು ಹುಡುಕಿದೆವು. ನಮ್ಮೂರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದ್ದು ಅದು. ಹಂಚಿನ ಸೋರಿಕೆಯಲ್ಲಿ ಅರ್ಧ ನೆನೆದಿತ್ತು. 1937ರ ಒಂದು ಪುಟದಲ್ಲಿ ಮೂವತ್ತನಾಲ್ಕು ಪುಸ್ತಕಗಳ ಹೆಸರುಗಳು ಒಟ್ಟಿಗೆ ಬರೆದಿದ್ದವು. ದಾನಿ ಎಂಬ ಅಂಕಣದಲ್ಲಿ ಶಾನುಭೋಗರ ಹೆಸರು, ಅದರ ಹಿಂದೆ ದಿವಂಗತ ಎಂಬ ಪದ. ದಿವಂಗತರಾದವರು ಗಾಡಿಯಲ್ಲಿ ಪುಸ್ತಕ ಹೇರಿಸುವುದಾದರೂ ಹೇಗೆ ಎಂದು ಅಂದಿನ ಮುಖ್ಯೋಪಾಧ್ಯಾಯರಿಗೆ ತೋರಲಿಲ್ಲ. ಯಾರ್ಕಿನ ಕಥೆಯನ್ನು ಓದಿರದಿದ್ದರೆ ನಮಗೂ ತೋರುತ್ತಿರಲಿಲ್ಲ.

ಮೂವತ್ತನಾಲ್ಕರಲ್ಲಿ ಇಪ್ಪತ್ತನಾಲ್ಕು ಇನ್ನೂ ಇವೆ. ಮಂಗಳೂರಿನ ಬಾಸೆಲ್ ಮಿಶನ್ನಿನವರು 1894ರಲ್ಲಿ ಅಚ್ಚುಹಾಕಿದ ಕಿಟ್ಟೆಲರ ನಿಘಂಟು ಅವುಗಳಲ್ಲಿ ಒಂದು. ಅದರ ಹೊಸ ರಟ್ಟಿನ ಒಳಮೈ ಒಂದು ಕಡೆ ಉಬ್ಬಿದಂತೆ ಕಂಡಿತು. ರಟ್ಟು ಕಟ್ಟಿದವನು ಕಾಗದ ಉಳಿಸಲು, ನಾವು ಕಿತ್ತೆಸೆಯ ಹೇಳಿದ ಹಾಳೆಯನ್ನೇ ಮಗುಚಿ ಹಲಗೆಗೆ ಅಂಟಿಸಿದ್ದನು. ಪುಣ್ಯಾತ್ಮ! ಹಸಿ ಬಟ್ಟೆಯನ್ನಿಟ್ಟು, ಒಂದು ಇಡೀ ಆದಿತ್ಯವಾರ ತಾಳ್ಮೆಯಿಂದ ಬಿಡಿಸಿದೆವು. ಕಂದಿದ ಶಾಯಿಯಲ್ಲಿ ಲೆಕ್ಕದ ಕಡತದ ದುಂಡನೆಯ ಅಕ್ಷರಗಳು: ಹೆಸರು, ಊರು, ಕೊಂಡ ತಿಂಗಳು.

ಆ ಮಹಿಳೆಗೆ ಪತ್ರ ಬರೆದೆವು. ಬಂದವರು ಹಾಳೆಯನ್ನು ಬಹಳ ಹೊತ್ತು ನೋಡಿದರು, ಮುಟ್ಟಲಿಲ್ಲ. ಮುತ್ತಜ್ಜಿಯ ಹೆಸರೇನೆಂದು ನಾವು ಕೇಳಿದೆವು. ಅವರು ಹೇಳಿದ ಹೆಸರನ್ನು ದಾಸ್ತಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು, ಪಕ್ಕದಲ್ಲಿ ಮನೆಯವರ ಹೇಳಿಕೆ ಎಂದು ಆಧಾರವನ್ನೂ ತಾರೀಖನ್ನೂ ನಮೂದಿಸಿದೆವು. ಉಳಿದ ಇಪ್ಪತ್ತಮೂರು ಪುಸ್ತಕಗಳ ರಟ್ಟುಗಳನ್ನು ಇನ್ನೂ ನೋಡಬೇಕಾಗಿದೆ. ಹಸಿ ಹಾಳೆ ಒಣಗಲು ಬಿಸಿಲು ಬೇಕು. ಈ ಸಲದ ಮಳೆ ಬಿಡುವುದನ್ನು ಕಾದಿದ್ದೇವೆ.